ಪ್ರೆಂಟಿಸ್‌ಗೆ ಬಿದ್ದ ಒಂದೇ ಚೀಟಿ

ಎತ್ತು ಏರಿಗೆಳೆದರೆ ಕೋಣ ನೀರಿಗೆಳೀತು ಅಂತಾರಲ್ಲ, ಆ ವರ್ಷ ನಮ್ಮ ಮನೇಲಿ ಎತ್ತು ನಾನು. ಕೋಣ ಯಾರು ಅಂತ ಬಾಯಿ ಬಿಟ್ಟು ಹೇಳಿದರೆ ನನಗೆ ಊಟ ಸಿಗಲ್ಲ.

ಅಮೆರಿಕದ ಐಯೋವಾ ರಾಜ್ಯದ ನಮ್ಮೂರು ವೆಸ್ಟರ್‌ಡೈಕ್‌ನಲ್ಲಿ ಎಲ್ಲರೂ ರಿಪಬ್ಲಿಕನ್ನರೇ. ಡೆಮಾಕ್ರಟ್ ಅಂತ ಇದ್ದವನು ಒಬ್ಬ, ಪಿಯಾನೋ ರಿಪೇರಿಯವನು, ಅವನೂ ಮಗಳ ಊರಿಗೆ ಹೋಗಿಬಿಟ್ಟ. ಹಾಗಾಗಿ ಜಗಳ ಆಡಬೇಕು ಅನ್ನಿಸಿದರೆ ನಮ್ಮ ನಮ್ಮಲ್ಲೇ ಆಡಿಕೊಳ್ಳಬೇಕು. ಅದಕ್ಕೆ ದೇವರು ನಾಲ್ಕು ವರ್ಷಕ್ಕೊಂದು ಸಲ ಕಾಕಸ್ ಕೊಟ್ಟಿದ್ದಾನೆ. ಜನವರಿಯ ಕೊರೆಯೋ ಚಳಿಯಲ್ಲಿ ಸ್ಕೂಲಿನ ಊಟದ ಹಾಲ್‌ನಲ್ಲಿ ಸೇರಿ, ಅಧ್ಯಕ್ಷರ ಚುನಾವಣೆಗೆ ನಮ್ಮ ಪಕ್ಷದಿಂದ ಯಾರು ನಿಲ್ಲಬೇಕು ಅಂತ ಚೀಟಿ ಹಾಕೋದು. ದೇಶಕ್ಕೆಲ್ಲ ಮೊದಲು ಹಾಕೋರು ಐಯೋವಾದ ನಾವು. ಆದ್ದರಿಂದ ಅಧ್ಯಕ್ಷರಾಗೋ ಆಸೆ ಇರೋ ಪ್ರತಿಯೊಬ್ಬನೂ ಒಂದು ವರ್ಷ ಮೊದಲೇ ಬಂದು ನಮ್ಮ ಹಂದಿಗಳ ಯೋಗಕ್ಷೇಮ ವಿಚಾರಿಸುತ್ತಾನೆ.

ನಾನು ಸೆನೆಟರ್ ಸ್ಟ್ರೌಡ್ ಕಡೆ. ಗೆಲ್ಲೋ ಕುದುರೆ. ನಮ್ಮೂರಲ್ಲಿ ಅವನ ಮುಂದಾಳು ನನ್ನ ಸ್ವಂತ ಅಣ್ಣ ವರ್ಲಿನ್. ಸ್ಟ್ರೌಡ್ ಹೆಸರಿರೋ ಹಸಿರು ಟೋಪಿ ನನ್ನ ತಲೆಗೆ ಹಾಕಿದವನು ಅವನೇ. ನನ್ನ ಹೆಂಡತಿ ಆರ್ಲಿಸ್ ಮಾತ್ರ ಹಿಡಿದದ್ದು ಲೈಲ್ ಪ್ರೆಂಟಿಸ್‌ನ.

ಯಾರಪ್ಪಾ ಪ್ರೆಂಟಿಸ್ ಅಂತೀರಾ? ಎಲ್ಲರೂ ಹಾಗೇ ಕೇಳುತ್ತಿದ್ದರು. ಎಲ್ಲೋ ಒಂದು ಪುಟ್ಟ ರಾಜ್ಯಕ್ಕೆ ಗವರ್ನರ್ ಆಗಿದ್ದವನು. ಹಿಂದಿನ ಅಕ್ಟೋಬರ್‌ನಲ್ಲಿ ನಮ್ಮ ಲೈಬ್ರರಿಗೆ ಭಾಷಣಕ್ಕೆ ಬಂದಿದ್ದ. ಅಲ್ಲಿ ಕಾಫಿ ಕಾಯಿಸೋದು ಆರ್ಲಿಸ್ ಕೆಲಸ, ಕುರ್ಚಿ ಹಾಕೋದು ನನ್ನ ಹಣೆಬರಹ. ಹಾಲ್ ತುಂಬ ಕುರ್ಚಿ ಹಾಕಿದೆ. ಬಂದವರು ನಾವಿಬ್ಬರು, ಜೊತೆಗೆ ಪುಸ್ತಕ ವಾಪಸ್ ಕೊಡೋಕೆ ಬಂದ ಒಬ್ಬ ಹೆಂಗಸು. ಆ ಮನುಷ್ಯ ಎದ್ದು ನಿಂತು, ಖಾಲಿ ಕುರ್ಚಿಗಳ ಕಡೆಗೂ ತಿರುಗಿ ತಿರುಗಿ, ಪೂರ್ತಿ ಭಾಷಣ ಮಾಡಿದ. ನೋಡೋಕಾಗದೆ ಆರ್ಲಿಸ್ ಅವನನ್ನ ಮನೆಗೆ ಊಟಕ್ಕೆ ಕರೆದಳು.

ನಮ್ಮ ಟೇಬಲ್ ಮುಂದೆ ಕೂತು, ನಮ್ಮ ಹಂದಿಯ ಹ್ಯಾಮ್ ತಿನ್ನುತ್ತಿದ್ದಾಗ ನಾನು ಕೇಳಿದೆ. ಮೆಕ್ಕೆಜೋಳದಿಂದ ಮಾಡೋ ಎಥೆನಾಲ್‌ಗೆ ಸರ್ಕಾರ ಕೊಡೋ ನೆರವಿನ ಬಗ್ಗೆ ಏನಂತೀರಿ ಅಂತ. ಐಯೋವಾದಲ್ಲಿ ಇದಕ್ಕೆ ಉತ್ತರ ಒಂದೇ. ಎರಡನೇ ಉತ್ತರ ಹೇಳಿದವನು ಗೆದ್ದ ಉದಾಹರಣೆ ನಾನಂತೂ ಕೇಳಿಲ್ಲ. ಪ್ರೆಂಟಿಸ್ ಫೋರ್ಕ್ ಕೆಳಗಿಟ್ಟ.

"ನಿಲ್ಲಿಸ್ತೀನಿ," ಅಂದ. "ನಿಮಗೆ ಕೊಡೋ ನೆರವೂ ಅಷ್ಟೇ, ನಮ್ಮ ಕಡೆ ಹಾಲಿನವರಿಗೆ ಕೊಡೋದೂ ಅಷ್ಟೇ. ಸಾಲ ತಂದು ಮೊಮ್ಮಕ್ಕಳ ತಲೆಗೆ ಕಟ್ಟೋ ದುಡ್ಡನ್ನ ನನ್ನ ಕೈಯಲ್ಲಿ ಹಂಚೋಕಾಗಲ್ಲ. ಇದು ನಿಮಗೆ ಹಿಡಿಸಲ್ಲ ಅಂತ ಗೊತ್ತು. ಆ ಆಲೂಗಡ್ಡೆ ಸ್ವಲ್ಪ ಈ ಕಡೆ ಕೊಡ್ತೀರಾ?"

ನನ್ನ ಮನೆ, ನನ್ನ ಹ್ಯಾಮ್, ನನ್ನ ಜೋಳ. ಮೈಯೆಲ್ಲ ಉರಿದುಹೋಯಿತು. ಆಲೂಗಡ್ಡೆ ಮಾತ್ರ ಕೊಟ್ಟೆ.

ಹೊರಡುವಾಗ ಬಾಗಿಲಲ್ಲಿ ಆರ್ಲಿಸ್ ಅವನ ಕೈ ಹಿಡಿದುಕೊಂಡು ಹೇಳಿದಳು, "ಕಾಕಸ್‌ನಲ್ಲಿ ನಿಮ್ಮ ಪರ ನಾನೇ ಮಾತಾಡ್ತೀನಿ. ನನ್ನ ಮಾತು ಕೇಳಿ ಒಬ್ಬರಾದ್ರೂ ನಿಮ್ಮ ಕಡೆ ಬಂದೇ ಬರ್ತಾರೆ. ನಾನು ಮಾತು ಕೊಟ್ಟೆ."

ನನಗೆ ನಗು ಬಂತು. ಇವಳು ನಾಲ್ಕು ಜನರ ಎದುರು ಬಾಯಿ ಬಿಟ್ಟವಳೇ ಅಲ್ಲ. ಚರ್ಚಿನ ಹೆಂಗಸರ ಸಭೆಯಲ್ಲೂ ಪಕ್ಕದವಳ ಕಿವಿಯಲ್ಲಿ ಹೇಳಿ, ಅವಳ ಕೈಲಿ ಹೇಳಿಸುತ್ತಿದ್ದಳು. ನಾನು ನಕ್ಕಿದ್ದು ಅವಳಿಗೆ ಕೇಳಿಸಿತು. ಆವತ್ತಿಂದ ಅವಳು ಬೇಯಿಸೋ ಸಿಹಿ ಪೈ ನನಗೆ ಬಂದ್.

ಅವಳ ಹುಳಿಕೆನೆ ಒಣದ್ರಾಕ್ಷಿ ಪೈ ತಿಂದವನು ಸುಳ್ಳು ಸಾಕ್ಷಿ ಹೇಳೋಕೂ ತಯಾರಾಗುತ್ತಾನೆ. ಅಂಥ ಪೈ ಚಳಿಗಾಲ ಪೂರ್ತಿ ಪ್ರೆಂಟಿಸ್ ಹೆಸರಲ್ಲಿ ಮನೆಮನೆಗೆ ಹೋಯಿತು, ನಮ್ಮನೆ ಒಂದು ಬಿಟ್ಟು. ಪ್ರತಿ ಮನೆಯಿಂದ ಅವಳು ಹಿಗ್ಗಿಕೊಂಡು ಬರುತ್ತಿದ್ದಳು.

"'ನೋಡೋಣ ಆರ್ಲಿಸ್' ಅಂದ್ರು," ಅನ್ನುತ್ತಿದ್ದಳು.

ಇಲ್ಲೇ ಎಡವಟ್ಟಾಗಿದ್ದು. ನಮ್ಮೂರಲ್ಲಿ ಮುಖದ ಮೇಲೆ ಆಗಲ್ಲ ಅನ್ನೋ ಪದ್ಧತಿ ಇಲ್ಲ. ಬೇಡ ಅನ್ನೋಕೆ ನಾವು 'ನೋಡೋಣ' ಅಂತೀವಿ. ಸುತರಾಂ ಬೇಡ ಅಂದರೆ 'ಅದೂ ಒಂಥರಾ ಸರಿನೇ' ಅಂತೀವಿ. ತೊಲಗಾಚೆ ಅಂತ ಇದ್ದರೆ 'ಇದು ಸ್ವಲ್ಪ ಬೇರೆ ಥರ ಇದೆ' ಅಂದು ಕಾಫಿ ಬಗ್ಗಿಸುತ್ತೀವಿ. ಇದು ಅವಳಿಗೆ ಗೊತ್ತಿಲ್ಲದ್ದೇನಲ್ಲ, ಸ್ವತಃ ಅವಳೇ ಹಾಗೆ ಮಾತಾಡಿ ಎಷ್ಟು ವ್ಯಾಪಾರಿಗಳನ್ನ ಬಾಗಿಲಿಂದ ಸಾಗಹಾಕಿದ್ದಾಳೆ. ಆದರೆ ಆಸೆ ಅನ್ನೋದು ಬಂದರೆ ತಾಯ್ನುಡಿಯೂ ಮರೆತುಹೋಗುತ್ತೆ. ಹಾಲ್‌ನ ಅರ್ಧ ಜನ ಪ್ರೆಂಟಿಸ್ ಕಡೆ ಅಂತ ಅವಳು ನಂಬಿಬಿಟ್ಟಳು.

ಕಾಕಸ್ ದಿನ ಹಿಮ ಬಿದ್ದು, ಗಾಳಿ ಬೀಸಿ, ಮೂಗು ಮುಟ್ಟಿದರೆ ಕೈಗೆ ಬರೋ ಹಾಗಿತ್ತು. ಆದರೂ ಹಾಲ್ ತುಂಬಿತ್ತು. ಸಭೆ ನಡೆಸೋಕೆ ದನದ ಡಾಕ್ಟರ್ ಹಾರ್ಮನ್ ಕೂತಿದ್ದ. ಒಬ್ಬೊಬ್ಬರ ಪರವಾಗಿ ಒಬ್ಬೊಬ್ಬರು ಎರಡು ನಿಮಿಷ ಮಾತಾಡೋದು, ಆಮೇಲೆ ಖಾಲಿ ಚೀಟಿಯಲ್ಲಿ ಹೆಸರು ಬರೆದು ಐಸ್‌ಕ್ರೀಮಿನ ಖಾಲಿ ಡಬ್ಬಕ್ಕೆ ಹಾಕೋದು. ಇಷ್ಟೇ.

ವರ್ಲಿನ್ ಮೊದಲು ಎದ್ದ. ಸ್ಟ್ರೌಡ್ ಬಗ್ಗೆ ಒಂದು ಮಾತು, ಹಂದಿ ಬಗ್ಗೆ ಎರಡು ಜೋಕು, ಭರ್ಜರಿ ಚಪ್ಪಾಳೆ. ಆಮೇಲೆ ಎದ್ದವನು ಮೇನಾರ್ಡ್, ಹಳೇ ಪೋಸ್ಟ್‌ಮನ್, ಹೆಂಡತಿ ತೀರಿಕೊಂಡು ಒಂಟಿಯಾಗಿದ್ದವನು. ಅವನು ಹಿಡಿದಿದ್ದು ಡಾಕ್ಟರ್ ಪೆಲ್ ಅನ್ನೋ ಹಲ್ಲಿನ ವೈದ್ಯನ್ನ. ಪೆಲ್‌ನ ಕಂಡವರು ಯಾರೂ ಇಲ್ಲ, ಮೇನಾರ್ಡ್‌ನೂ ಕಂಡಿರಲಿಲ್ಲ. ಕಾಗದ ಹಿಡಿದ ಅವನ ಕೈ ಗಡಗಡ ನಡುಗುತ್ತಿತ್ತು, ಕನ್ನಡಕಕ್ಕೆ ಹಬೆ ಕೂತಿತ್ತು. ಎರಡು ಸಾಲು ಓದಿ ಮೂರನೇದು ಸಿಗದೆ, "ಒಟ್ಟಿನಲ್ಲಿ ಒಳ್ಳೆಯವರು," ಅಂತ ಕೂತುಬಿಟ್ಟ. ಚಪ್ಪಾಳೆ ತಟ್ಟಬೇಕೋ ಬೇಡವೋ ಅಂತ ಜನಕ್ಕೆ ತಿಳಿಯಲಿಲ್ಲ. ಆರ್ಲಿಸ್ ಅವನ ಕಡೆ ನೋಡಿದ ನೋಟ ನನಗೆ ಗೊತ್ತು. ಕಾಲು ಮುರಿದ ಕರುವನ್ನ ಅವಳು ಹಾಗೇ ನೋಡೋದು.

ಆಮೇಲೆ ಅವಳೇ ಎದ್ದಳು. ಕೈಯಲ್ಲಿ ಕಾಗದ ಇರಲಿಲ್ಲ. ಚರ್ಚಿನಲ್ಲಿ ಉಪದೇಶ ಕೇಳುವಾಗ ಚೀಪೋಕೆ ಇಟ್ಟುಕೊಂಡಿರುತ್ತೀನಲ್ಲ, ಆ ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಂಡು ಕಚ್ಚಿ ಹಿಡಿದೆ.

"ಪ್ರೆಂಟಿಸ್ ನಮ್ಮನೆಗೆ ಊಟಕ್ಕೆ ಬಂದಿದ್ರು," ಅಂದಳು. "ನನ್ನ ಗಂಡ ಎಥೆನಾಲ್ ಬಗ್ಗೆ ಕೇಳ್ದ. ಅವರು, ಆಗಲ್ಲ, ಕೊಡಲ್ಲ ಅಂದ್ರು. ಅವನದ್ದೇ ಊಟ ಮಾಡ್ತಾ, ಅವನ ಮುಖಾನೇ ನೋಡ್ಕೊಂಡು ಅಂದ್ರು. ನಾನು ಈ ಊರಿಗೆ ಸೊಸೆಯಾಗಿ ಬಂದಾಗಿಂದ ಯಾರಾದ್ರೂ ಯಾರಿಗಾದ್ರೂ ಮುಖ ನೋಡಿ ಆಗಲ್ಲ ಅಂದಿದ್ದು ಕೇಳಿಲ್ಲ. ನಾನೂ ಅಂದಿಲ್ಲ. ನಮಗೆಲ್ಲ ಹೂಂ ಅಂದೋರು ಎಷ್ಟು ಜನ ಬಂದು ಹೋದ್ರು. ಅವರ ಹೂಂ ಕಟ್ಕೊಂಡು ನಾವೇನು ಉದ್ಧಾರ ಆದ್ವಿ? ಆಗಲ್ಲ ಅನ್ನೋ ಒಬ್ಬರು ಅಧ್ಯಕ್ಷರ ಕುರ್ಚಿಲಿ ಹೋಗಿ ಕೂತ್ಕೊಳ್ಳಲಿ. ಅಷ್ಟೇ ನಾನು ಹೇಳೋದು."

ಯಾರೋ ಹಿಂದಿನಿಂದ ಮೆಲ್ಲಗೆ, "ಇದು ಸ್ವಲ್ಪ ಬೇರೆ ಥರ ಇದೆ," ಅಂದರು. ಇಷ್ಟು ವರ್ಷ ನನ್ನ ಪಕ್ಕದಲ್ಲಿ ಮಲಗಿದವಳು ಇವಳೇನಾ ಅನ್ನಿಸಿತು. ಹೆಮ್ಮೆ ಅಂದರೆ ಹೆಮ್ಮೆ, ಅದಕ್ಕೆ ಬೇರೆ ಹೆಸರಿಲ್ಲ.

ಚೀಟಿ ಬಂತು. ಸ್ಟ್ರೌಡ್ ಅಂತ ಬರೆಯೋಕೇ ಪೆನ್ಸಿಲ್ ಎತ್ತಿದ್ದು. ವರ್ಲಿನ್ ಪಕ್ಕದಲ್ಲೇ ಕೂತಿದ್ದ. ಸ್ಕೂಲ್ ಹುಡುಗನ ಹಾಗೆ ಕೈ ಮರೆ ಮಾಡಿ 'ಪ್ರೆಂಟಿಸ್' ಅಂತ ಬರೆದು, ಮಡಿಚಿ, ಡಬ್ಬಕ್ಕೆ ಹಾಕಿ, ಟೋಪಿ ಸರಿ ಮಾಡಿಕೊಂಡು ಕೂತೆ.

ಹಾರ್ಮನ್ ಎಲ್ಲರೆದುರಿಗೇ ಎಣಿಸಿ ಓದಿದ. ಸ್ಟ್ರೌಡ್‌ಗೆ ರಾಶಿ ರಾಶಿ. ಉಳಿದವರಿಗೆ ಅಷ್ಟಿಷ್ಟು. ಪೆಲ್‌ಗೆ ಎರಡು. ಪ್ರೆಂಟಿಸ್‌ಗೆ ಒಂದು.

ಹಾಲ್‌ನಲ್ಲಿ ಸಣ್ಣಗೆ ನಗು ಹರಿದಾಡಿತು. ನಾನು ನಗಲಿಲ್ಲ, ಲೆಕ್ಕ ಹಾಕುತ್ತಿದ್ದೆ. ಒಂದು ನನ್ನದು. ಹಾಗಾದರೆ ಇವಳದ್ದು ಎಲ್ಲಿ ಹೋಯಿತು?

ಅತ್ತ ಮೇನಾರ್ಡ್ ಕುರ್ಚಿಯಲ್ಲಿ ಸುತ್ತ ತಿರುಗಿ ಎಲ್ಲರ ಮುಖ ನೋಡುತ್ತಿದ್ದ, ಎರಡನೆಯವರು ಯಾರು ಅಂತ. ಹಬ್ಬದ ಕಳೆ ಬಂದಿತ್ತು ಅವನ ಮುಖಕ್ಕೆ. ನನಗೆ ತಟ್ಟನೆ ಹೊಳೆಯಿತು. ಪ್ರೆಂಟಿಸ್‌ಗೆ ಬೇಕಾದಷ್ಟು ಜನ ಇದ್ದಾರೆ, ಈ ಪಾಪದವನಿಗೆ ಯಾರಿದ್ದಾರೆ ಅಂತ ಇವಳು ತನ್ನ ಚೀಟಿ ಅವನ ಪೆಲ್‌ಗೆ ಹಾಕಿದ್ದಾಳೆ. ಅಲ್ಲದೆ ನಮ್ಮ ಚರ್ಚಿನಲ್ಲಿ ಹಿರಿಯರ ಆಯ್ಕೆಗೆ ನಿಂತವನು ತನ್ನ ಹೆಸರು ತಾನೇ ಬರೆದುಕೊಳ್ಳಲ್ಲ, ಅದು ದೊಡ್ಡ ನಾಚಿಕೆಗೇಡು. ತಾನೇ ಎದ್ದು ಹೊಗಳಿದವನಿಗೆ ತಾನೇ ಓಟು ಹಾಕೋದೂ ಇವಳಿಗೆ ಹಾಗೇ ಅನ್ನಿಸಿರಬೇಕು. ಆಗಲ್ಲ ಅನ್ನೋ ಗಂಡಸಿನ ಗುಣಗಾನ ಮಾಡಿದವಳು, ಒಬ್ಬ ಪೋಸ್ಟ್‌ಮನ್ನನ ನಡುಗೋ ಕೈಗೆ ಆಗಲ್ಲ ಅನ್ನಲಾರದೆ ಹೋದಳು.

ಕಾರಲ್ಲಿ ಕೂತಾಗ ಅವಳ ಮುಖ ಬಾಡಿರುತ್ತೆ ಅಂದುಕೊಂಡಿದ್ದೆ. ನೋಡಿದರೆ ಕಣ್ಣು ಮಿನುಗುತ್ತಿವೆ.

"ಒಬ್ಬರು ಬಂದ್ರು ಡ್ವೇನ್," ಅಂದಳು. "ನನ್ನ ಮಾತು ಕೇಳಿ ಒಬ್ಬರು ಬಂದ್ರು."

ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು ನನಗೆ. ನಾನೇ ಅಂದರೆ, ಕನಿಕರಕ್ಕೆ ಹಾಕಿದೆ ಅಂತಾಳೆ, ಆ ಮಿನುಗು ಆರಿಹೋಗುತ್ತೆ. ಮೇಲಾಗಿ ಅಣ್ಣನ ಕಿವಿಗೆ ಬಿದ್ದರೆ ನನ್ನ ಕಥೆ ಮುಗೀತು. ಹೀಟರ್ ಜಾಸ್ತಿ ಮಾಡಿ ಸುಮ್ಮನೆ ಗಾಡಿ ಓಡಿಸಿದೆ.

ಮಾರನೇ ದಿನ ಪ್ರೆಂಟಿಸ್ ಸ್ಪರ್ಧೆಯಿಂದ ಹಿಂದೆ ಸರಿದ. ಸರಿದವನು ಆರ್ಲಿಸ್‌ಗೆ ಫೋನ್ ಮಾಡಿದ. ಇವಳು ಒಬ್ಬರು ಬಂದರು ಅಂತ ಹೇಳಿದಳು, ತನ್ನ ಚೀಟಿಯ ವಿಷಯ ಹೇಳಲಿಲ್ಲ. ಆ ಒಬ್ಬರು ಯಾರು, ಅವರ ಜೊತೆ ಒಂದು ಮಾತಾಡಬೇಕಲ್ಲ ಅಂದನಂತೆ ಅವನು. ಹುಡುಕಿಕೊಡ್ತೀನಿ ಅಂತ ಇವಳು ಇನ್ನೊಂದು ಮಾತು ಕೊಟ್ಟಳು.

ನನ್ನ ಗ್ರಹಚಾರ ಶುರುವಾಗಿದ್ದು ಆಗ. ಹೋಟೆಲ್‌ನಲ್ಲಿ ಬೆಳಗ್ಗೆ ಕಾಫಿಗೆ ಕೂತರೆ ವರ್ಲಿನ್ ತೊಡೆ ತಟ್ಟಿಕೊಂಡು ನಗುತ್ತಿದ್ದ. "ಲೋ ತಮ್ಮಾ, ಇಷ್ಟೆಲ್ಲ ಮಾತಾಡಿ ಕೊನೆಗೆ ಅವಳ ಓಟೊಂದೇ ಪ್ರೆಂಟಿಸ್‌ಗೆ. ಗಂಡ ಅಂತ ಇದ್ದೀಯಲ್ಲ, ಅಯ್ಯೋ ಪಾಪ ಅಂತ ನೀನಾದ್ರೂ ಹಾಕ್ಬಾರ್ದಿತ್ತೇನೋ?" ಊರಿಗೆ ಊರೇ ಹಾಗೇ ತಿಳಿದಿತ್ತು. ಅಲ್ಲ ಅಂತ ಹೇಳೋಕೆ ಅವಳಿಗೂ ಬಾಯಿಲ್ಲ, ಹೇಳಿದರೆ ಮೇನಾರ್ಡ್‌ನ ಹಬ್ಬ ಹಾಳಾಗುತ್ತೆ. ನಾನು ಕಾಫಿ ಲೋಟದೊಳಗೆ ನೋಡುತ್ತಾ ಕೂರುತ್ತಿದ್ದೆ.

ಮನೆಗೆ ಬಂದರೆ, ಆ ಒಬ್ಬರನ್ನ ಹುಡುಕೋಕೆ ಅವಳು ಬೇಯಿಸಿದ ಒಣದ್ರಾಕ್ಷಿ ಪೈ ವಾಸನೆ. ಮೊದಲ ಪೈ ಹಾರ್ಮನ್‌ಗೆ ಹೋಯಿತು, ಪ್ರೆಂಟಿಸ್ ಹೆಸರನ್ನ ಅವನು ಮರ್ಯಾದೆಯಿಂದ ಓದಿದ ಅಂತ. ಅವನು ತಿಂದು, "ನೋಡೋಣ," ಅಂದನಂತೆ. ಆಮೇಲೆ ಭಾಷಣದ ಹೊತ್ತಿಗೆ ತಲೆ ಆಡಿಸಿದಳು ಅಂತ ಪಾದ್ರಿ ಹೆಂಡತಿಗೊಂದು. ಹೊರಗೆ ಹೋಗುವಾಗ ಬಾಗಿಲು ಹಿಡಿದ ಅಂತ ಒಬ್ಬ ಗಬ್ಬು ಜಿಪುಣನಿಗೂ ಒಂದು. ಓಟು ಹಾಕಿದವನು ಮನೆಯಲ್ಲೇ ತಣ್ಣನೆ ಬ್ರೆಡ್ ತಿನ್ನುತ್ತಿದ್ದಾನೆ, ಊರೆಲ್ಲ ಅವನ ಹೆಸರಿನ ಪೈ ತಿನ್ನುತ್ತಿದೆ.

ಕೊನೆಗೆ ಒಂದು ಮಧ್ಯಾಹ್ನ ಅವಳು ಬಿಸಿ ಪೈಗೆ ಬಟ್ಟೆ ಮುಚ್ಚುತ್ತಾ, "ಇದು ವರ್ಲಿನ್ ಭಾವಂಗೆ. ಮೇಲೆ ನಗ್ತಾರೆ, ಒಳಗೆ ಅವರೇ ಇರಬಹುದು," ಅಂದಳು.

ಎಲ್ಲದಕ್ಕೂ ಒಂದು ಮಿತಿ ಬೇಡವೇ.

"ಅದನ್ನ ಕೆಳಗಿಡು," ಅಂದೆ. "ಓಟು ಹಾಕಿದ್ದು ನಾನು."

ಅವಳು ತಿರುಗಿಯೂ ನೋಡಲಿಲ್ಲ. "ಪೈಗೋಸ್ಕರ ಇಷ್ಟು ಕೆಳಗಿಳೀಬೇಡ ಡ್ವೇನ್."

"ದೇವರಾಣೆ ಕಣೇ, ನಾನೇ."

"ಅದೂ ಒಂಥರಾ ಸರಿನೇ," ಅಂದು ಕೋಟು ಎತ್ತಿಕೊಂಡಳು.

ಕಟ್ಟಿಕೊಂಡ ಗಂಡನಿಗೇ ಆ ಮಾತು. "ಸರಿ ಹಾಗಾದ್ರೆ," ಅಂದೆ. "ಮೇನಾರ್ಡ್‌ನ ಆ ಪೆಲ್‌ಗೆ ಯಾಕೆ ಹಾಕ್ದೆ, ಅದನ್ನಾದ್ರೂ ಹೇಳು."

ಕೋಟಿನ ಒಂದು ತೋಳು ಹಾಕಿದ್ದಳು, ಇನ್ನೊಂದು ಹಾಗೇ ಜೋತಾಡುತ್ತಿತ್ತು. "ಯಾರು ಹೇಳಿದ್ರು ನಿನಗೆ?"

"ಯಾರು ಹೇಳ್ತಾರೆ? ಊರೆಲ್ಲ ಆ ಒಂದು ನಿಂದೇ ಅಂತಿದೆ. ನಿಂದಲ್ಲ ಅಂತ ಗೊತ್ತಿರೋದು, ಅದನ್ನ ಹಾಕಿದೋನಿಗೆ ಮಾತ್ರ."

ಅವಳು ಮೆಲ್ಲಗೆ ಕುರ್ಚಿಯಲ್ಲಿ ಕೂತಳು. ಮುಖದ ಮಿನುಗು ಇಳಿಯುತ್ತಾ ಬಂತು, ನಾನು ಹೆದರಿದ್ದ ಹಾಗೇ.

"ಕನಿಕರಕ್ಕೆ ಹಾಕ್ದೆ ಅಲ್ವಾ," ಅಂದಳು.

ಹೂಂ ಅನ್ನೋದೂ ಗೊತ್ತು, ನೋಡೋಣ ಅನ್ನೋದೂ ಗೊತ್ತು. ಹೆಂಡತಿಗೆ ನೀನು ಚೆನ್ನಾಗಿ ಮಾತಾಡಿದೆ ಅಂತ ಮುಖ ನೋಡಿ ಹೇಳೋದು ಮಾತ್ರ ನಮ್ಮೂರ ಗಂಡಸರಿಗೆ ಯಾರೂ ಕಲಿಸಿಲ್ಲ.

ಅವಳು ಎದ್ದು ಹೋಗಿ ಫೋನ್ ಒತ್ತಿದಳು. "ಗವರ್ನರ್ ಸಾಹೇಬ್ರಾ? ಆರ್ಲಿಸ್. ನಿಮ್ಮವರು ಸಿಕ್ಕಿದ್ರು, ಮಾತಾಡಿ," ಅಂದು ನನ್ನ ಕೈಗೆ ತುರುಕಿದಳು. ಪೈ ಪಕ್ಕ ಹೋಗಿ ನನಗೆ ಬೆನ್ನು ಹಾಕಿ ನಿಂತಳು. ಚಾಕು ಕೈಯಲ್ಲೇ ಇತ್ತು, ಕೊಯ್ಯುತ್ತಿರಲಿಲ್ಲ.

ನಾನು ಸ್ಟ್ರೌಡ್ ಟೋಪಿ ತೆಗೆದು ಟೇಬಲ್ ಮೇಲಿಟ್ಟೆ.

"ಸರ್, ನಾನು ಡ್ವೇನ್. ಆಲೂಗಡ್ಡೆ ಕೊಟ್ಟೋನು," ಅಂದೆ. "ನಿಮ್ಮ ಎಥೆನಾಲ್ ಮಾತು ನನಗೆ ಈಗಲೂ ಹಿಡಿಸಿಲ್ಲ. ಸ್ಟ್ರೌಡ್‌ಗೆ ಹಾಕೋಣ ಅಂತಾನೇ ಹೋಗಿದ್ದೆ. ನನ್ನ ಹೆಂಡತಿ ಎದ್ದು ಮಾತಾಡಿದ್ಲು ಸರ್. ಅವಳಷ್ಟು ಚೆನ್ನಾಗಿ ಆ ಹಾಲ್‌ನಲ್ಲಿ ಯಾರೂ ಮಾತಾಡಿದ್ದು ನಾನು ಕೇಳಿಲ್ಲ. ಅದಕ್ಕೇ ಬರೆದೆ."

ಅವನು ಆ ಕಡೆಯಿಂದ ಏನೋ ಹೇಳುತ್ತಿದ್ದ, ನನಗೆ ಸರಿಯಾಗಿ ಕೇಳಿಸಲಿಲ್ಲ. ಅವಳು ಕೋಟಿನ ತೋಳಲ್ಲಿ ಕಣ್ಣೊರೆಸಿಕೊಂಡು, ಪೈಯನ್ನ ಸರಿಯಾಗಿ ಅರ್ಧಕ್ಕೆ ಕೊಯ್ದು, ಒಂದು ಅರ್ಧ ಪೂರ್ತಿ ನನ್ನ ತಟ್ಟೆಗೆ ಹಾಕಿದಳು.