ಹದಿನಾಲ್ಕನೆಯ ಚಿತ್ರದ ಕೋಟು

ಗುಂಡಿ ಒಂಬತ್ತಲ್ಲ, ಎಂಟು — ಮತ್ತೆ ಎಣಿಸಿದಳು, ಎಂಟೇ, ಗಾಜಿನ ಪೆಟ್ಟಿಗೆಯ ಮೇಲೆ ಟ್ಯೂಬ್‌ಲೈಟ್ ಬಿದ್ದು ಕೊನೆಯದು ಗುಂಡಿಯೋ ಬೆಳಕಿನ ಚುಕ್ಕೆಯೋ ತಿಳಿಯುತ್ತಿಲ್ಲ, ಕೀಲಿ ತರುತ್ತೇನೆಂದು ಹೋದ ಮ್ಯೂಸಿಯಂ ಗುಮಾಸ್ತ ಕೀಲಿ ಮಾಡಿಸಲು ಹೋದನೋ ಏನೋ, ಮುಕ್ಕಾಲು ಗಂಟೆಯಾಯಿತು, ಈ ಒಂದು ಕೋಟನ್ನು ನೋಡಲು ಬಂದದ್ದು ಇದು ನಾಲ್ಕನೇ ಸಲ, ಹಳೇ ಪಡೆಗಳ ಸಮವಸ್ತ್ರದ ಪುಸ್ತಕಕ್ಕೆ ಮೂವತ್ತು ಚಿತ್ರ ಒಪ್ಪಿಕೊಂಡವಳು ಹದಿನಾಲ್ಕನೆಯದರಲ್ಲೇ ಹೂತುಹೋಗಿದ್ದಾಳೆ, ಸಂಪಾದಕರಿಗೆ ಕಾಲರ್ ಒಮ್ಮೆ ಕೆಂಪು ಜಾಸ್ತಿ, ಒಮ್ಮೆ ಕಡಿಮೆ, ಅವರು ಹಿಡಿದು ತಂದ ನಿವೃತ್ತ ಮೇಜರ್‌ಗೆ ಸೈನಿಕನೇ ಸಾಲದು — ಎದೆ ತುಂಬಿರ್ಬೇಕಮ್ಮ, ನೀವು ಬರೆದಿರೋನು ಜ್ವರ ಬಂದು ಎದ್ದೋನ ಹಾಗಿದಾನೆ — ಎದೆ ತುಂಬಿಸಿದಳು, ತುಂಬಿಸಿದ ಕೂಡಲೇ ಗುಂಡಿಗಳ ಅಂತರ ಕೆಟ್ಟಿತು, ಈಗ ಗುಂಡಿ ಎಂಟೋ ಒಂಬತ್ತೋ ಎಂದು ಅವರಿಬ್ಬರ ರಗಳೆ, ಯಾವ ಕಾಲದಲ್ಲೋ ಸತ್ತವನ ಗುಂಡಿ ಎಣಿಸಿ ಎಣಿಸಿ ಇವಳ ಕನ್ನಡಕದ ನಂಬರು ಏರಿತು, ಅಂತೂ ಬಂದ ಮಹಾರಾಯ, ಮುಟ್ಟೋ ಹಾಗಿಲ್ಲ ಮೇಡಂ, ಗ್ಲೌಸ್ ಹಾಕ್ಕೊಂಡು ಮುಟ್ಟಿ ಎನ್ನುತ್ತಾನೆ, ಮುಟ್ಟಬೇಕೋ ಬಾರದೋ, ಹಾಳಾಗಲಿ.

ಉಣ್ಣೆ ಇಷ್ಟು ಭಾರವೇ, ನುಸಿಗುಳಿಗೆಯ ವಾಸನೆ ಗಂಟಲಿಗಿಳಿಯುತ್ತದೆ, ಎಂಟು ಗುಂಡಿ, ಒಂಬತ್ತನೆಯದರ ಜಾಗದಲ್ಲಿ ದಾರದ ಚೂರು, ಅಂದರೆ ಇಬ್ಬರ ವಾದವೂ ಸರಿ, ಇದಕ್ಕೇ ಒಂದು ತಿಂಗಳು ಜಗಳ — ಒಳಗಡೆ ತಿರುವಿದಳು, ಅಸ್ತರಿನಲ್ಲಿ, ಸೊಂಟದ ಎರಡೂ ಬದಿಗೆ, ಹೊಲಿಗೆಯ ಪಕ್ಕ ದಾರವಿಲ್ಲದ ಸೂಜಿತೂತುಗಳ ಒಂದು ಸಾಲು, ಬೆರಳಗಲ ಆಚೆ ಇನ್ನೊಂದು, ದರ್ಜಿಯ ಕೈ ತಪ್ಪಿತೇ, ಅಲ್ಲ, ಹೊಲಿಗೆ ಬಿಚ್ಚಿ ಬಿಗಿಯಾಗಿ ಹಿಡಿದಿದ್ದಾರೆ, ಎರಡು ಸಲ, ಒಳಗೆ, ಇನ್ನೂ ಒಳಗೆ, ತೊಟ್ಟವನು ಕರಗುತ್ತಿದ್ದ, ಎಲ್ಲಿದೆ ಮೇಜರ್ ಸಾಹೇಬರ ತುಂಬಿದೆದೆ, ಸಂಪಾದಕರಿಗೆ ಫೋನು ಮಾಡಿದಳು, ಇವನು ಬಡಕಲಾಗಿದ್ದ ಸರ್, ಕೋಟೇ ಹೇಳ್ತಿದೆ, ಅಸ್ತರು ಯಾರಿಗೆ ಕಾಣತ್ತೆ ಬಿಡಿ, ಹೊರಗಡೆ ನೋಡ್ಕೊಂಡು ಬರೀರಿ ಎಂದರು, ಬಡಕಲನನ್ನೇ ಬರೀತೀನಿ, ಬೇಕಿದ್ರೆ ಹಾಕ್ಕೊಳ್ಳಿ ಎಂದು ಇಟ್ಟೇಬಿಟ್ಟಳು, ಮತ್ತೆ ಫೋನು, ಈಗ ಅಪ್ಪ, ಕೆಲಸದಲ್ಲಿದೀಯೇನಮ್ಮ, ಏನಿಲ್ಲ, ಆ ಬೂದು ಪ್ಯಾಂಟು ಮತ್ತೆ ಸೊಂಟದಲ್ಲಿ ನಿಲ್ತಿಲ್ಲ, ಒಗೆದೂ ಒಗೆದೂ ಸಡಿಲ ಆಗ್ಬಿಟ್ಟಿದೆ, ಬಂದಾಗ ಸ್ವಲ್ಪ ಹಿಡ್ದು ಕೊಡು, ಮತ್ತೆ ಅಂದರೆ — ಚಳಿಗಾಲದಲ್ಲಿ ಒಮ್ಮೆ ಹಿಡಿದಿದ್ದಳು, ಹೋದ ತಿಂಗಳು ಇನ್ನೊಮ್ಮೆ, ಗೊಣಗಿಕೊಂಡು, ದಾರ ಹಲ್ಲಲ್ಲಿ ಕಚ್ಚಿ ಹರಿದು, ಒಂದು ಹೊಸದು ತಗೋಬಾರ್ದಾ ಅಪ್ಪ ಎಂದು ರೇಗಿ, ಒಗೆದರೆ ಸೊಂಟ ಇಷ್ಟು ಸಡಿಲವಾಗುತ್ತದೆಯೇ, ದಿನವಿಡೀ ಬಟ್ಟೆಯನ್ನೇ ನೋಡುವವಳು ಒಮ್ಮೆಯಾದರೂ ಮುಖ ನೋಡಿದಳೇ, ಊಟ ಸರಿಯಾಗಿ ಮಾಡ್ತಿದೀಯಾ ಅಪ್ಪ, ಸೇರೋದಿಲ್ಲ ಅಷ್ಟೆ, ನಿನ್ನ ಪುಸ್ತಕ ಮುಗೀಲಿ ಆಮೇಲೆ ಹೇಳೋಣ ಅಂತಿದ್ದೆ, ರೆಡಿಯಾಗಿರು ಅಪ್ಪ, ಇವತ್ತೇ ಡಾಕ್ಟರ ಹತ್ರ ಹೋಗೋಣ, ಬಂದೆ. ಪೆಟ್ಟಿಗೆ ಮುಚ್ಚಲಾ ಮೇಡಂ ಎಂದವನಿಗೆ ಮುಚ್ಚಿ ಎಂದಳು, ಮೆಟ್ಟಿಲು, ಬಿಸಿಲು, ಆಟೋದವನು ಎಲ್ಲಿಗೆ ಎಂದು ಎರಡನೇ ಸಲ ಕೇಳುತ್ತಿದ್ದಾನೆ, ಅಪ್ಪನ ಬೆಲ್ಟಿನಡಿ ಬೂದು ಬಟ್ಟೆ, ತಾನೇ ಬಿಚ್ಚಿದ ಹೊಲಿಗೆಯ ತೂತುಗಳು, ಒಂದು ಸಾಲು, ಬೆರಳಗಲ ಬಿಟ್ಟು ಇನ್ನೊಂದು ಸಾಲು, ಬೆರಳಗಲ ಬಿಟ್ಟು —