ಒಂದೂಕಾಲು ಲೀಟರು

ಹೆಂಡತಿ ಕಸ್ತೂರಿಬಾಯಿ ತೀರಿಕೊಂಡ ಹದಿನಾಲ್ಕನೆಯ ದಿನಕ್ಕೆ ಬಸವಂತರಾಯ ಮಾಸ್ತರರು ಮತ್ತೆ ಶಾಲೆಗೆ ಬಂದರು. ಮೊದಲ ಹೆರಿಗೆಯಲ್ಲೇ ತಾಯಿ, ಕೂಸು ಇಬ್ಬರೂ ಹೋಗಿದ್ದರು. ಅತ್ತುಬಿಡಿ, ಹಗುರಾಗುತ್ತದೆ ಎಂದು ಎಲ್ಲರೂ ಹೇಳಿದರು. ಅಳು ಬರಲಿಲ್ಲ. ಬೆಳಿಗ್ಗೆ ಮುಲುಂಡ್‌ನಲ್ಲಿ ಲೋಕಲ್ ರೈಲು ಹತ್ತಿ ಕುರ್ಲಾದಲ್ಲಿ ಇಳಿಯುವುದು, ಸಂಜೆ ಅದೇ ದಾರಿಯಲ್ಲಿ ತಿರುಗಿ ಬರುವುದು. ನಡುವೆ ಪಾಠ. ಆ ಕನ್ನಡ ಶಾಲೆಯಲ್ಲಿ ಎಂಟರಿಂದ ಹನ್ನೊಂದನೆಯ ತರಗತಿಯ ತನಕ ವಿಜ್ಞಾನಕ್ಕೆ ಅವರೊಬ್ಬರೇ. ಬಾಯಿ ತಾನಾಗಿ ಹೇಳುತ್ತಿತ್ತು, ಕೈ ತಾನಾಗಿ ಬರೆಯುತ್ತಿತ್ತು.

ಜುಲೈನಲ್ಲಿ ಒಂಬತ್ತನೆಯವರಿಗೆ ಉಸಿರಾಟದ ಪಾಠ ಬಂತು. ಶಾಲೆಗೆ ಪ್ರಯೋಗಶಾಲೆ ಇರಲಿಲ್ಲ. ಮಾಸ್ತರರು ಹೋಟೆಲೊಂದರಿಂದ ಉಪ್ಪಿನಕಾಯಿಯ ದೊಡ್ಡ ಗಾಜಿನ ಜಾಡಿ ತಂದು, ಲೀಟರಿನ ಗುರುತು ಹಾಕಿದ ಕಾಗದದ ಪಟ್ಟಿ ಅಂಟಿಸಿದರು. ಜಾಡಿಗೆ ನೀರು ತುಂಬಿ ಬೋಗುಣಿಯ ನೀರಲ್ಲಿ ಬೋರಲು ಹಾಕಿ, ಅದರೊಳಗೆ ಬಿಟ್ಟ ರಬ್ಬರ್ ನಳಿಗೆಯಿಂದ ಒಂದೇ ದಮ್ಮಿನಲ್ಲಿ ಊದಬೇಕು. ಎಷ್ಟು ನೀರು ಹೊರಬಿತ್ತೋ ಅಷ್ಟು ಉಸಿರು. ಮಕ್ಕಳು ಸರದಿಯಂತೆ ಜಾಡಿಯನ್ನು ಮನೆಗೆ ಒಯ್ದು ದೊಡ್ಡವರ ಉಸಿರು ಅಳೆದು ತರಬೇಕೆಂದು ಹೇಳಿದರು.

ಗಂಡಸರದು ಮೂರು, ಮೂರೂವರೆ ಲೀಟರು ಎಂದು ಬರೆದು ತಂದರು. ಮಲ್ಲಕ್ಕ ಎಂಬ ಹುಡುಗಿಯ ಪಟ್ಟಿಯಲ್ಲಿ ‘ಅಪ್ಪ: ಒಂದೂಕಾಲು’ ಎಂದಿತ್ತು.

"ನಳಿಗಿ ಸರಿ ಹಿಡಿದಿಲ್ಲ ನೀನು," ಎಂದರು ಮಾಸ್ತರರು.

"ಮೂರು ಸರ್ತಿ ಮಾಡೀನ್ರಿ ಸರ. ಅಷ್ಟೂ ನೀರು ಖಾಲಿ ಮಾಡಿದಿ ಅಂತ ಅವ್ವ ಬೈದ್ಳು."

"ಅಳತಿ ಮಾಡದನ ಬರಿಬ್ಯಾಡ. ಸುಳ್ಳು ಬರದ್ರ ಅದು ವಿಜ್ಞಾನ ಅಲ್ಲ. ನಿಲ್ಲು."

ಸಿಟ್ಟಿನಿಂದ ಹೇಳಿದ್ದಲ್ಲ; ಸಿಟ್ಟು ಕೂಡ ಈಗ ಬರುತ್ತಿರಲಿಲ್ಲ. ಹುಡುಗಿ ತಾಸಿಡೀ ನಿಂತಳು. ಮಾಸ್ತರರು ಅವಳನ್ನು ಮರೆತೇಬಿಟ್ಟರು.

ಮರುದಿನ ಪಾಠದ ನಡುವೆ ಬಾಗಿಲಲ್ಲಿ ಒಬ್ಬ ಮನುಷ್ಯ ಬಂದು ನಿಂತ. ಮಲ್ಲಕ್ಕನ ತಂದೆ ಈರಣ್ಣ. ಪರೇಲ್‌ನ ಒಂದು ಮಿಲ್ಲಿನಲ್ಲಿ ಹದಿನೆಂಟು ವರ್ಷದಿಂದ ಹತ್ತಿ ಹಿಂಜುವ ಕಾರ್ಡಿಂಗ್ ಖಾತೆಯಲ್ಲಿದ್ದವನು. ಮೂರು ಮಾಳಿಗೆ ಹತ್ತಿದ್ದಕ್ಕೆ ಚೌಕಟ್ಟು ಹಿಡಿದು ಏದುಸಿರು ಬಿಡುತ್ತಿದ್ದ.

"ನಮ್ಮ ಹುಡುಗಿ ಸುಳ್ಳು ಬರದಿಲ್ರಿ ಸರ," ಎಂದ ಕಡೆಗೆ. "ರಾತ್ರಿ ಉಂಡಿಲ್ಲ ಆಕಿ. ಎಲ್ರ ಮುಂದ ಊದ್ತೀನಿ, ನೋಡ್ರಿ."

ಜಾಡಿ ತುಂಬಿದರು. ಈರಣ್ಣ ಎದೆ ತುಂಬ ಎಳೆದುಕೊಂಡು ಊದಿದ. ಕೊರಳ ನರ ಉಬ್ಬಿದವು. ನೀರು ಸ್ವಲ್ಪ ಇಳಿದು ನಿಂತಿತು. ಕೆಮ್ಮು ಹತ್ತಿ ಅವನು ಬೆಂಚಿನ ಮೇಲೆ ಕುಸಿದ. ಒಂದೂಕಾಲು. ನಲವತ್ತೆರಡು ಮಕ್ಕಳೂ ಜಾಡಿಯ ಗುರುತನ್ನೇ ನೋಡಿದರು. ಹಲವರ ಅಪ್ಪಂದಿರು ಮಿಲ್ಲಿನವರೇ.

"ಮಲ್ಲಕ್ಕನ ಲೆಕ್ಕ ಸರಿ ಅದ," ಎಂದರು ಮಾಸ್ತರರು. ಬೋರ್ಡಿನ ಮೇಲೆ ಆ ಅಂಕಿ ಬರೆದರು. ನಾಚಿಕೆಯಾಗಬೇಕಿತ್ತು ಎಂದು ಅವರಿಗೆ ಗೊತ್ತಿತ್ತು. ಆಗಲಿಲ್ಲ. ಗೊತ್ತಿದ್ದಷ್ಟನ್ನೇ ಮಾಡಿದರು: ಅರ್ಧ ದಿನ ರಜೆ ಬರೆದುಕೊಟ್ಟು ಈರಣ್ಣನನ್ನು ಆಸ್ಪತ್ರೆಗೆ ಕರೆದೊಯ್ದರು.

ಹತ್ತಿಯ ಧೂಳು ಪುಪ್ಪುಸಕ್ಕೆ ಇಳಿದಿದೆ, ಆ ಖಾತೆ ಬಿಡಲೇಬೇಕು ಎಂದರು ಡಾಕ್ಟರು.

"ಅದು ಬಿಟ್ರ ನಂಗೇನು ಬರ್ತದ್ರಿ ಸರ?" ಎಂದು ಈರಣ್ಣ ಹೊರಗೆ ಬಂದು ಕೇಳಿದ.

ಅವನನ್ನು ಬೇರೆ ಖಾತೆಗೆ ಹಾಕಿರೆಂದು ಮಾಸ್ತರರು ಒಂದು ಅರ್ಜಿ ಬರೆದರು. ಅದಕ್ಕೆ ಡಾಕ್ಟರ ಚೀಟಿ ಲಗತ್ತಿಸಿ, ಶಾಲೆ ಬಿಟ್ಟ ಮೇಲೆ ಮಿಲ್ಲಿನ ಆಫೀಸಿಗೆ ಹೋದರು. ಸಾಹೇಬರಿಲ್ಲ ಎಂದರು. ಮತ್ತೆ ಹೋದರು. ಬೇಸರವೂ ಆಗದಿದ್ದುದರಿಂದ ಆರು ಸಲ ಹೋಗುವುದು ಅವರಿಗೆ ಕಷ್ಟವಾಗಲಿಲ್ಲ. ಆರನೆಯ ಸಲ ಸಾಹೇಬರೇ ಬೇಸತ್ತು ಈರಣ್ಣನನ್ನು ಬಟ್ಟೆಯ ಗೋಡೌನಿಗೆ ಹಾಕಿದರು. ಪಗಾರ ಕಡಿಮೆ, ಧೂಳೂ ಕಡಿಮೆ.

ದೀಪಾವಳಿಯ ರಜೆ ಮುಗಿದ ಮೇಲೆ ಮಲ್ಲಕ್ಕ ವರಾಂಡದಲ್ಲಿ ಅವರನ್ನು ತಡೆದಳು.

"ಸರ, ಅಪ್ಪ ಈಗ ರಾತ್ರಿ ಕುಂತು ಕಳಿಯೂದಿಲ್ರಿ. ಮಲಗ್ತಾನ್ರಿ."

"ಛಲೋ ಆತು," ಎಂದರು. ಖುಷಿ ಬಂದೀತೇನೋ ಎಂದು ಒಂದು ಗಳಿಗೆ ನಿಂತು ಕಾದರು. ಏನೂ ಬರಲಿಲ್ಲ. ಆದರೂ ಹೇಳಬೇಕಾದದ್ದೊಂದು ಉಳಿದಿತ್ತು.

"ಅವತ್ತು ನಿನ್ನ ನಿಲ್ಲಿಸಬಾರದಿತ್ತು, ತಂಗಿ. ತಪ್ಪು ನಂದು."

ಹುಡುಗಿ ತಲೆ ತಗ್ಗಿಸಿ, "ಇರ್ಲಿ ಬಿಡ್ರಿ ಸರ," ಎಂದಳು.

ಗಂಟೆ ಹೊಡೆಯಿತು. ಹತ್ತನೆಯವರಿಗೆ ಅಂದು ಅಯಸ್ಕಾಂತದ ಪಾಠವಿತ್ತು. ಮಾಸ್ತರರು ಒಳಗೆ ಹೋಗಿ ಹಾಜರಿ ಕೂಗತೊಡಗಿದರು.