ಕಾಗದ ಸರಿಯಿದ್ದವನು

ಸ್ಟಿಯರಿಂಗ್ ತಿರುಗಿಸಿದ್ದು ತನ್ನ ಕೈಗಳೇ ಎಂದು ಅವನಿಗೆ ಹೊಳೆಯುವಷ್ಟರಲ್ಲಿ ಕಾರು ಎಡಗಡೆಯ ಓಣಿಗೆ ನುಗ್ಗಿ, ಕಸದ ತೊಟ್ಟಿಯೊಂದನ್ನು ಕೂದಲೆಳೆಯಲ್ಲಿ ತಪ್ಪಿಸಿಕೊಂಡು, ಆ ತುದಿಯಿಂದ ಇನ್ನೊಂದು ರಸ್ತೆಗೆ ಬಂದು ಬಿದ್ದಿತ್ತು.

"ಯಾಕೆ ತಿರುಗಿಸಿದ್ರಿ?" ಎಂದಳು ಹೆಂಡತಿ.

"ಟ್ರಾಫಿಕ್ಕು."

"ಟ್ರಾಫಿಕ್ ಎಲ್ಲಿತ್ತು? ಹೊಗೆ ಚೆಕ್ ಮಾಡೋರು ನಿಂತಿದ್ರು. ಅಷ್ಟೇ."

ಅಷ್ಟೇ. ರಸ್ತೆಯ ಪಕ್ಕ ಒಂದು ಜೀಪು, ಹಸಿರು ಜಾಕೆಟ್ಟು ತೊಟ್ಟು ಮುಖಕ್ಕೆ ಮಾಸ್ಕ್ ಕಟ್ಟಿಕೊಂಡ ನಾಲ್ಕೈದು ಜನ. ಅವರಲ್ಲೊಬ್ಬ ರಸ್ತೆಗಿಳಿದು ಇವನ ಕಾರಿನತ್ತ ಬರತೊಡಗಿದ್ದ. ಹೆದರುವಂಥದ್ದೇನೂ ಇರಲಿಲ್ಲ. ಹೊಗೆಯ ಸರ್ಟಿಫಿಕೇಟನ್ನು ಹೋದ ತಿಂಗಳಷ್ಟೇ ಮಾಡಿಸಿದ್ದ. ವಿಮೆ, ಲೈಸೆನ್ಸು, ತೆರಿಗೆ ಕಟ್ಟಿದ ರಸೀದಿ, ಎಲ್ಲವೂ ಅಚ್ಚುಕಟ್ಟಾಗಿ ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿಟ್ಟುಕೊಂಡೇ ಇದ್ದವು. ಇಡೀ ಊರಿನಲ್ಲಿ ಇಷ್ಟು ಸರಿಯಾದ ಕಾಗದಗಳಿರುವ ಇನ್ನೊಬ್ಬ ಸಿಕ್ಕುವುದು ಕಷ್ಟವಿತ್ತು.

"ಏನೋ ತಾಗಿದ ಹಾಗಾಯ್ತಲ್ಲ?"

"ಹಂಪು."

"ಹಂಪಿನ ಸದ್ದು ಕೆಳಗಿಂದ ಬರುತ್ತೆ. ಇದು ಪಕ್ಕದಿಂದ ಬಂತು."

"ಓಣೀಲಿ ಏನೋ ಉಜ್ಜಿರಬೇಕು."

ಸದ್ದು ಬಂದದ್ದು ಓಣಿಗೆ ನುಗ್ಗುವ ಮೊದಲು. ಅದು ಅವನಿಗೂ ಗೊತ್ತಿತ್ತು. ಎಡಗಡೆ ಕೂತಿದ್ದವಳು ಅವಳು. ಏನಾದರೂ ಕಂಡಿದ್ದರೆ ಅವಳಿಗೇ ಕಂಡಿರಬೇಕು.  ಅವಳು ತಾನು ಪಾಠ ಹೇಳುವ ಶಾಲೆಯ ಗೇಟಿನೆದುರು ಇಳಿದು, ಬಾಗಿಲು ಹಾಕಿ, ಹಿಂದಿನ ಬಾಗಿಲಿನ ಹತ್ತಿರ ಒಂದು ಕ್ಷಣ ನಿಂತಳು. ಬಗ್ಗಿ ಏನನ್ನೋ ನೋಡಿದಳು. ನಂತರ ತಿರುಗಿಯೂ ನೋಡದೆ ಒಳಗೆ ಹೋದಳು.

ಎರಡು ಬೀದಿ ದಾಟಿ ಅವನು ಕಾರು ನಿಲ್ಲಿಸಿ ಇಳಿದ. ಹಿಂದಿನ ಬಾಗಿಲಿನ ಧೂಳಿನ ಮೇಲೆ ನಾಲ್ಕು ಬೆರಳುಗಳ ಗುರುತಿತ್ತು. ಮೇಲಿನಿಂದ ಕೆಳಕ್ಕೆ ಜಾರಿದ ಗುರುತು. ಹಿಡಿದುಕೊಳ್ಳಲು ಏನೂ ಸಿಗದೆ ಜಾರಿದ್ದು.

ಅವನು ಕರ್ಚೀಫು ತೆಗೆದು ಒರೆಸಿದ. ಅಲ್ಲಿ ಮಾತ್ರ ಒರೆಸಿದರೆ ಎದ್ದು ಕಾಣುತ್ತದೆ ಅನ್ನಿಸಿ ಇಡೀ ಬಾಗಿಲನ್ನು ಒರೆಸಿದ. ಆಮೇಲೆ ಮಿಕ್ಕ ಮೂರು ಬಾಗಿಲುಗಳನ್ನೂ. ದಾರಿಯಲ್ಲಿ ಹೋಗುತ್ತಿದ್ದ ಮುದುಕನೊಬ್ಬ, "ಗಾಡಿ ಅಂದ್ರೆ ಹೀಗೆ ಇಟ್ಕೋಬೇಕು ನೋಡಿ" ಎಂದು ಮೆಚ್ಚಿ ಮುಂದೆ ಹೋದ.

*

ಅವನ ಹಲ್ಲಿನ ಕ್ಲಿನಿಕ್ಕಿನಲ್ಲಿ ಮೊದಲ ರೋಗಿ ಒಬ್ಬ ಟ್ಯಾಕ್ಸಿ ಡ್ರೈವರು. ದವಡೆ ಹಲ್ಲು ಹುಳುಕಾಗಿ ಕೆನ್ನೆ ಊದಿಕೊಂಡಿತ್ತು. ಕೀಳುವುದೊಂದೇ ದಾರಿ. ಅವನು ಕುರ್ಚಿಯನ್ನು ಹಿಂದಕ್ಕೆ ಬಾಗಿಸಿ, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಅದು ಹಿಡಿಯಲೆಂದು ಕಾದ. ಕಾಯುವಾಗ ರೋಗಿಗಳು ಮಾತಾಡುತ್ತಾರೆ. ಹೆದರಿಕೆಗೆ.

"ತಡ ಆಯ್ತು ಡಾಕ್ಟ್ರೇ, ಬೇಜಾರು ಮಾಡ್ಕೋಬೇಡಿ. ಆ ಹೊಗೆಯೋರು ಹಿಡ್ಕೊಂಡಿದ್ರು."

ನರ್ಸು ಇಕ್ಕಳಗಳನ್ನು ಜೋಡಿಸುತ್ತಿದ್ದಳು. ಲೋಹಕ್ಕೆ ಲೋಹ ತಾಗಿದ ಸದ್ದಿಗೆ ಅವನು ಬೆಚ್ಚಿದ.

"ವಾರಕ್ಕೊಂದ್ಸಲ ಹಿಡೀತಾರೆ. ನನ್ನ ಗಾಡಿ ಹೊಗೆ ಅವರಿಗೆ ಕಾಣುತ್ತೆ. ಪಕ್ಕದಲ್ಲೇ ಬಸ್ಸು ಕಾಡಿಗೆಯಂಥ ಹೊಗೆ ಕಕ್ಕೊಂಡು ಹೋಗುತ್ತಲ್ಲ, ಅದು ಕಾಣಲ್ಲ. ಕೇಳಿದ್ರೆ, 'ಕಾನೂನು ಮಾತಾಡ್ತೀಯಾ, ಪಕ್ಕಕ್ಕೆ ಹಾಕು' ಅಂತಾರೆ. ಅರ್ಧ ದಿನದ ದುಡಿಮೆ ಅಲ್ಲೇ ಹೊಗೆ." ತನ್ನ ಮಾತಿಗೆ ತಾನೇ ನಕ್ಕ. ಆಮೇಲೆ ದನಿ ತಗ್ಗಿಸಿ, "ಇವತ್ತು ಬೆಳಿಗ್ಗೆ ಒಬ್ಬ ಸರಿಯಾಗಿ ಮಾಡಿದ ನೋಡಿ. ಆ ಹೊಗೆಯೋರಲ್ಲೇ ಒಬ್ಬನ್ನ ಗುದ್ದಿಕೊಂಡು ಹೋಗೇಬಿಟ್ನಂತೆ. ಕ್ಯೂನಲ್ಲಿದ್ದ ನಮ್ಮೋರೆಲ್ಲ, ಭಲೇ ಗಂಡು ಅಂದ್ರು."

"ಪೆಟ್ಟಾಯ್ತಂತಾ?" ಕೈಗವಸು ಎಳೆದುಕೊಳ್ಳುತ್ತ ಅವನು ಕೇಳಿದ.

"ತಲೆ ಕಲ್ಲಿಗೆ ಹೊಡೀತು ಅಂತಾರೆ. ಏನೂ ಆಗಿಲ್ಲ ಅನ್ನೋರೂ ಇದ್ದಾರೆ. ನಾನು ಹೋಗೋ ಹೊತ್ತಿಗೆ ಆಂಬುಲೆನ್ಸ್ ಹೊರಟಿತ್ತು."

"ಗಾಡಿ ಯಾವುದು?"

"ಬಿಳೀ ವ್ಯಾನು. ತರಕಾರಿ ಸಾಗಿಸೋನು. ಹಿಡ್ದಿದ್ದಾರೆ ಅವನನ್ನ. 'ನಾನು ಗುದ್ದಿಲ್ಲ, ಬಿದ್ದೋನನ್ನ ಎತ್ತೋಕೆ ಇಳಿದೆ' ಅಂತ ಅಳ್ತಿದ್ದ. ಯಾರು ನಂಬ್ತಾರೆ? ಚೆನ್ನಾಗಿ ಏಟು ಬಿತ್ತು ಪಾಪ."

ತನ್ನ ಕಾರು ಬೂದು ಬಣ್ಣದ್ದು. ಮೈಯಿಂದ ಭಾರವೊಂದು ಇಳಿದು ಹೋದದ್ದು ಎಷ್ಟು ಸ್ಪಷ್ಟವಾಗಿತ್ತೆಂದರೆ ಅವನು ಮಾಸ್ಕಿನೊಳಗೆ ಮುಗುಳ್ನಕ್ಕ. ನಕ್ಕಿದ್ದು ಗೊತ್ತಾದದ್ದು ಕೆನ್ನೆ ಬಿಗಿದಾಗ. 

"ಬಾಯಿ ತೆಗೀರಿ," ಎಂದ.

ಬಾಯಿ ತೆರೆದುಕೊಂಡಿತು. ಇನ್ನು ಆ ಮನುಷ್ಯ ಏನೂ ಹೇಳಲಾರ. ಅವನು ಇಕ್ಕಳವಿಟ್ಟು ಹಲ್ಲನ್ನು ಬಿಗಿಯಾಗಿ ಹಿಡಿದ. ಇಷ್ಟು ವರ್ಷಗಳಲ್ಲಿ ಕೈ ಒಮ್ಮೆಯೂ ನಡುಗಿರಲಿಲ್ಲ. ಈಗಲೂ ನಡುಗಲಿಲ್ಲ. ಅಲುಗಾಡಿಸಲು ತೊಡಗಿದಾಗ ಟ್ಯಾಕ್ಸಿಯವನ ಗಂಟಲು ವಿಚಿತ್ರವಾಗಿ ಕೂಗಿಕೊಂಡಿತು. ಎರಡೂ ಕೈಗಳು ಮೇಲೆದ್ದು ಅವನ ಮಣಿಕಟ್ಟನ್ನು ಹಿಡಿದವು.

"ಪಕ್ಕದ್ದು!" ಎಂದ ಟ್ಯಾಕ್ಸಿಯವನು, ಮರಗಟ್ಟಿದ ನಾಲಗೆಯಿಂದ. "ಪಕ್ಕದ್ದು ಡಾಕ್ಟ್ರೇ! ಇದು ಚೆನ್ನಾಗಿದೆ!"

ಇಕ್ಕಳದ ಬಾಯಲ್ಲಿದ್ದುದು ಬಿಳಿಯ, ಗಟ್ಟಿಯಾದ, ಏನೂ ಆಗದ ಹಲ್ಲು.

ನರ್ಸು ಅವನ ಮುಖವನ್ನೇ ನೋಡುತ್ತಿದ್ದಳು.

*

ಮಧ್ಯಾಹ್ನದ ರೋಗಿಗಳನ್ನು ನಾಳೆ ಬರಹೇಳಿ, ಒಳಗಿನ ಕೋಣೆಯಲ್ಲಿ ಕೂತು ಹೆಂಡತಿಗೆ ಫೋನ್ ಮಾಡಿದ. ಅಲ್ಲಿ ಮಕ್ಕಳ ಗಲಾಟೆ ಕೇಳಿಸುತ್ತಿತ್ತು.

"ಯಾರಾದ್ರೂ ಏನಾದ್ರೂ ಕೇಳಿದ್ರಾ?"

"ಏನಂತ?"

"ಏನಿಲ್ಲ. ಸುಮ್ನೆ."

"ನಾನೇನೂ ನೋಡ್ಲಿಲ್ಲ," ಎಂದಳು ಅವಳು.

"ನಾನು ಅದನ್ನ ಕೇಳ್ಲಿಲ್ಲ."

"ಗೊತ್ತು. ಅದಕ್ಕೇ ಹೇಳಿದೆ." ಮಕ್ಕಳನ್ನು ಗದರಿಸಿ, "ಸಂಜೆ ನಾನು ಬಸ್ಸಲ್ಲಿ ಹೋಗ್ತೀನಿ. ನೀವು ಕಾಯ್ಬೇಡಿ" ಎಂದಳು.

ಹದಿನಾರು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ ಇಬ್ಬರ ನಡುವೆ ಮೊದಲ ಬಾರಿಗೆ ಒಂದು ಪೂರ್ಣ ಒಪ್ಪಂದವಾಗಿತ್ತು. 

ಪೊಲೀಸರಿಗೆ ಫೋನ್ ಮಾಡಬಹುದು. ಮಾಡಿ ಏನು ಹೇಳುವುದು? ಯಾಕೆ ಓಡಿದೆ ಎಂದು ಅವರು ಕೇಳುತ್ತಾರೆ. ಸರ್ಟಿಫಿಕೇಟ್ ಇರಲಿಲ್ಲವೆಂದರೆ ಅವರಿಗೆ ಅರ್ಥವಾಗುತ್ತದೆ, ಕುಡಿದಿದ್ದೆನೆಂದರೂ ಅರ್ಥವಾಗುತ್ತದೆ. ಎಲ್ಲಾ ಇತ್ತು, ಆದರೂ ಓಡಿದೆ ಎಂದರೆ? ಕಾರಣ ಹುಡುಕುತ್ತ ಅವನು ತನ್ನೊಳಗೆ ಇಳಿದು ನೋಡಿದ. ಬಾಡಿಗೆಗೆ ಕೊಡಲು ತೆರವು ಮಾಡಿದ ಮನೆಯಂತಿತ್ತು. ಗೋಡೆಗಳು ಮಾತ್ರ ಇದ್ದವು.

*

ಸಂಜೆ ಮನೆಗೆ ಹೋಗಲು ಬೇರೆ ದಾರಿಯಿತ್ತು. ಅವನು ಅದೇ ರಸ್ತೆ ಹಿಡಿದ.

ಜೀಪು ಅಲ್ಲೇ ಇತ್ತು. ಹಸಿರು ಜಾಕೆಟ್ಟಿನವರು ಅಲ್ಲೇ ಇದ್ದರು. ಮಾಸ್ಕುಗಳಿಂದಾಗಿ ಒಬ್ಬರನ್ನು ಇನ್ನೊಬ್ಬರಿಂದ ಬೇರೆ ಮಾಡಿ ಹೇಳುವಂತಿರಲಿಲ್ಲ. ಬಿದ್ದವನು ಎದ್ದು ಬಂದು ಇವರಲ್ಲೊಬ್ಬನಾಗಿ ನಿಂತಿರಬಾರದೇಕೆ ಎಂದು ಅವನಿಗೆ ಆಸೆಯಾಯಿತು. ಪಕ್ಕದಲ್ಲಿ ಬಿಳಿಯ ವ್ಯಾನು. ಅದರ ಹಿಂದೆ ಸೊಪ್ಪಿನ ಕಟ್ಟುಗಳು ಬಿಸಿಲಿಗೆ ಬಾಡಿ ಜೋತುಬಿದ್ದಿದ್ದವು. ಪೊಲೀಸರು ಬರುವತನಕ ಹಿಡಿದಿಟ್ಟಿದ್ದ ವ್ಯಾನಿನವನು ಇನ್ನೂ ಫುಟ್‌ಪಾತಿನ ಮೇಲೆ ಕೂತಿದ್ದ. ನಡುವಯಸ್ಸು. ತುಟಿ ಒಡೆದಿತ್ತು. ಮುಂದಿನ ಹಲ್ಲೊಂದು ಅರ್ಧಕ್ಕೆ ಮುರಿದಿತ್ತು. ಒಂದೇ ಸಲಕ್ಕೆ ಸರಿಮಾಡಬಹುದು ಎಂದು ಕಾರಿನಲ್ಲಿದ್ದ ಅವನ ತಲೆ ತಾನಾಗಿ ಲೆಕ್ಕ ಹಾಕಿತು.

ಹಸಿರು ಜಾಕೆಟ್ಟಿನವರ ಇನ್ಸ್‌ಪೆಕ್ಟರು ಅವನ ಕಾರನ್ನು ನೋಡಿ, ಹೋಗು ಎಂದು ಸನ್ನೆ ಮಾಡಿದ. ಅವನು ನಿಲ್ಲಿಸಿದ.

"ಏನ್ ಸಾರ್? ನಿಮ್ಮನ್ನ ನಿಲ್ಲಿಸ್ಲಿಲ್ವಲ್ಲ."

"ಚೆಕ್ ಮಾಡಿ."

"ಎಲ್ಲರೂ ತಪ್ಪಿಸ್ಕೊಂಡು ಓಡ್ತಾರೆ, ನೀವು ಕರೀತೀರಿ." ಇನ್ಸ್‌ಪೆಕ್ಟರು ಪ್ಲಾಸ್ಟಿಕ್ ಚೀಲ ತೆಗೆದುಕೊಂಡು ಒಂದೊಂದೇ ಕಾಗದ ನೋಡಿದ. "ಎಲ್ಲಾ ಸರಿಯಾಗಿದೆ. ಹೊರಡಿ."

"ಬೆಳಿಗ್ಗೆ ಇಲ್ಲಿ ಯಾರಿಗೋ ಪೆಟ್ಟಾಯ್ತಂತೆ?"

"ನೋಡಿದ್ರಾ ನೀವು?"

"ಇಲ್ಲ." ಮಾತು ತಾನಾಗಿ ಹೊರಬಿತ್ತು. "ಹೇಗಿದ್ದಾನೆ ಅವನು?"

ಇನ್ಸ್‌ಪೆಕ್ಟರು ವ್ಯಾನಿನವನತ್ತ ತಿರುಗಿದ. "ಇವನಾ? ಕೂತಿದ್ದಾನಲ್ಲ. ಇನ್ನೇನಾಗ್ಬೇಕು?"

"ಅಲ್ಲ. ನಿಮ್ಮೋನು."

"ಆಸ್ಪತ್ರೇಲಿದ್ದಾನೆ. ಕಣ್ಣು ಬಿಟ್ಟಿಲ್ಲ." ಇನ್ಸ್‌ಪೆಕ್ಟರು ಈಗ ಅವನನ್ನು ಸರಿಯಾಗಿ ನೋಡಿದ. "ನಿಮಗ್ಯಾಕೆ ಅದೆಲ್ಲ?"

 ಹಿಂದಿನ ಗಾಡಿಗಳು ಹಾರ್ನ್ ಹೊಡೆಯತೊಡಗಿದವು.

"ಸರಿ, ಬಂದಿದ್ದೀರಲ್ಲ, ಚೆಕ್ ಮಾಡೇಬಿಡೋಣ. ಪಕ್ಕಕ್ಕೆ ಹಾಕಿ. ಗ್ಲಾಸ್ ಏರಿಸ್ಕೊಳ್ಳಿ, ಹೊಗೆ ಒಳಗೆ ಬರುತ್ತೆ. ನ್ಯೂಟ್ರಲ್‌ನಲ್ಲಿಟ್ಟು ಆಕ್ಸಿಲರೇಟರ್ ಪೂರ್ತಿ ಒತ್ತಿ. ನಾನು ಹೇಳೋವರೆಗೂ ಬಿಡ್ಬೇಡಿ."

ಅವನು ಕಾರನ್ನು ಫುಟ್‌ಪಾತಿಗೆ ತಾಗಿಸಿ ನಿಲ್ಲಿಸಿ, ಗ್ಲಾಸು ಏರಿಸಿದ. ಹಿಂದೆ ಯಾರೋ ಹೊಗೆಕೊಳವೆಗೆ ಕಬ್ಬಿಣದ ನಳಿಗೆ ತೂರಿಸಿದ್ದು ಮೈಯೊಳಗೇ ಆದಂತೆ ತಿಳಿಯಿತು. ಒತ್ತಿದ. ಎಂಜಿನ್ನು ಅಬ್ಬರಿಸಿತು.

ಆ ಅಬ್ಬರದೊಳಗೆ ಅವನು ಬಾಯಿ ತೆರೆದ. "ನಾನೇ," ಎಂದ. ತನಗೇ ಕೇಳಿಸಲಿಲ್ಲ. "ಬೆಳಿಗ್ಗೆ ಗುದ್ದಿದ್ದು ನಾನೇ. ಅವನನ್ನ ಬಿಡಿ." ಇನ್ನೂ ಜೋರಾಗಿ ಕೂಗಿದ. ಕೂಗಿದಂತೆಲ್ಲ ಪಾದ ಇನ್ನಷ್ಟು ಒತ್ತಿತು. ಒತ್ತಿದಂತೆಲ್ಲ ದನಿ ಮುಳುಗಿತು.

ಇನ್ಸ್‌ಪೆಕ್ಟರು ಹಿಂದೆ ಯಂತ್ರದ ಮೇಲೆ ಬಗ್ಗಿದ್ದ. ಗಾಜಿನಾಚೆ, ಕೈಗೆಟುಕುವಷ್ಟು ಹತ್ತಿರ, ವ್ಯಾನಿನವನೊಬ್ಬನೇ ತಲೆಯೆತ್ತಿ ಅವನ ತುಟಿಗಳನ್ನೇ ನೋಡುತ್ತಿದ್ದ. ಏನು ಅರ್ಥವಾಯಿತೋ, ನಿಧಾನವಾಗಿ ಎದ್ದು ನಿಂತ.

ಪಾದ ತೆಗೆದರೆ ಸಾಕು, ಎಲ್ಲರಿಗೂ ಕೇಳಿಸುತ್ತದೆ. ಪಾದ ಬರಲಿಲ್ಲ. ಡ್ಯಾಶ್‌ಬೋರ್ಡಿನ ಮುಳ್ಳು ಕೆಂಪು ಗೆರೆ ದಾಟಿ ತುದಿಗೆ ಬಡಿದು ಅದುರುತ್ತಿತ್ತು. ಚಕ್ರಗಳು ಒಂದಿಂಚೂ ಅಲುಗದೆ, ಕಾರು ನಿಂತಲ್ಲೇ ಕಿರುಚುತ್ತಿತ್ತು.